ನಗೋಯಾ ಏಷ್ಯನ್ ಗೇಮ್ಸ್‌ನಲ್ಲಿ ದೊಡ್ಡ ಮಾಧ್ಯಮಗಳವರ ಪರಿಚಯ ಮಾಡಿಕೊಳ್ಳುವುದು ಹೇಗೆ?

ಕುಮಟಾದ ಸಣ್ಣ ವಾರಪತ್ರಿಕೆ, ಒಬ್ಬರೇ ವರದಿಗಾರರು, ಮೊದಲ ವಿದೇಶ ಪ್ರವಾಸ. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ 2018ರ ಆಗಸ್ಟ್ ಕಣ್ಣೆದುರು ಬಂತು. ಕಾರವಾರದಿಂದ ನಾನೂ ಹೀಗೆಯೇ ಆ ವರ್ಷದ ಏಷ್ಯನ್ ಗೇಮ್ಸ್‌ನ ಕಬಡ್ಡಿ ವರದಿಗೆಂದು ಇಂಡೋನೇಷ್ಯಾದ ಜಕಾರ್ತಾಕ್ಕೆ ಹೋಗಿದ್ದೆ. ಅಂಗಡಿಗಳ ಜಾಹೀರಾತು, ಹೊನಲು ಬೆಳಕಿನ ಪಂದ್ಯಾವಳಿ ನಡೆಸುವ ಯುವಕ ಸಂಘಗಳ ವಂತಿಗೆ, ಸ್ವಲ್ಪ ಕೈಸಾಲ, ಎಲ್ಲ ಕೂಡಿಸಿ ವಿಮಾನದ ಟಿಕೆಟ್ ಮಾಡಿಸಿದ್ದೆ.

ಮೊದಲ ಮೂರು ದಿನ ಮುಖ್ಯ ಮಾಧ್ಯಮ ಕೇಂದ್ರದಲ್ಲಿ ವಿಸಿಟಿಂಗ್ ಕಾರ್ಡ್ ಹಂಚುತ್ತ ಕಳೆದೆ. ದೊಡ್ಡ ಸುದ್ದಿಸಂಸ್ಥೆಗಳವರು ನಯವಾಗಿಯೇ ತೆಗೆದುಕೊಂಡರು, ಕಿಸೆಗೆ ಹಾಕಿಕೊಂಡರು, ಮತ್ತೆ ಕೀಬೋರ್ಡಿಗೆ ಬಗ್ಗಿದರು. ಗಳಿಗೆಗೊಂದು ಸುದ್ದಿ ಕಳಿಸಬೇಕಾದವರಿಗೆ ನನ್ನೊಡನೆ ಮಾತನಾಡಲು ಪುರುಸೊತ್ತು ಎಲ್ಲಿಂದ ಬರಬೇಕು?

ನಿಜವಾದ ಪರಿಚಯ ಆದದ್ದು ಪತ್ರಕರ್ತರನ್ನು ಪಂದ್ಯಕ್ಕೆ ಒಯ್ಯುವ ಬಸ್ಸಿನಲ್ಲಿ. ಕಬಡ್ಡಿ ಇದ್ದದ್ದು ದೂರದ ತಮನ್ ಮಿನಿ ಉದ್ಯಾನದಲ್ಲಿ. ಪಕ್ಕದಲ್ಲಿ ಇರಾನಿನ ಒಬ್ಬ ಪತ್ರಕರ್ತ ಕುಳಿತಿದ್ದ, ನಮ್ಮಂತೆಯೇ ಸಣ್ಣ ಪತ್ರಿಕೆಯವನು. ನಾನು ಅಂಕೋಲೆಯ ಗೇರುಬೀಜದ ಪೊಟ್ಟಣ ಬಿಚ್ಚಿದೆ, ಅವನು ಪಿಸ್ತಾ ತೆಗೆದ. ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಕೂಳೆ ಕಿತ್ತು, ನೆಲ ಸಮ ಮಾಡಿ, ಗಳಕ್ಕೆ ದೀಪ ಕಟ್ಟಿ ರಾತ್ರಿಯಿಡೀ ಆಡುವ ನಮ್ಮ ಕಬಡ್ಡಿಯ ಬಗ್ಗೆ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಬಸ್ಸಿನ ನೆಲವನ್ನು ಕಾಲಿನಿಂದ ತಟ್ಟಿ ‘ಜಮೀನ್?’ ಎಂದ. ಹೌದು, ಜಮೀನು! ಆಟದ ಅಂಗಳಕ್ಕೂ ಪಾರಸಿಯಲ್ಲಿ ಅದೇ ಮಾತಂತೆ. ಅಲ್ಲಿಂದ ಮುಂದೆ ಪ್ರತಿದಿನ ಒಂದೇ ಸೀಟಿನಲ್ಲಿ ಹೋದೆವು.

ಆಗಸ್ಟ್ 23ರಂದು ಸೆಮಿಫೈನಲ್‌ನಲ್ಲಿ ನಮ್ಮ ಪುರುಷರು ಇರಾನಿಗೆ 18-27ರಿಂದ ಸೋತರು. 1990ರಿಂದ ಯಾರಿಗೂ ಬಿಟ್ಟುಕೊಡದ ಚಿನ್ನ ಅದು. ಮರುದಿನ ಮಹಿಳೆಯರ ಫೈನಲ್‌ನಲ್ಲೂ ಇರಾನಿನದೇ ಗೆಲುವು, 27-24. ಆ ಮಹಿಳಾ ತಂಡದ ತರಬೇತುದಾರರು ನಾಸಿಕದ ಶೈಲಜಾ ಜೈನ್. ಕಾರವಾರದ ಬಹಳ ಜನರಂತೆ ನನಗೂ ಮರಾಠಿ ಬರುತ್ತದೆ. ಅವರ ಭಾಷೆಯಲ್ಲೇ ಒಂದು ಸಂದರ್ಶನ ಮಾಡಬೇಕೆಂದು ಜೀವ ತುಡಿಯುತ್ತಿತ್ತು. ಗೆಳೆಯ ಹೇಳಿದ: ‘ರಾತ್ರಿ ತಂಡದವರು ಮಾತಿಗೆ ಸಿಗಬಹುದು. ಸಿಕ್ಕರೆ ಫೋನ್ ಮಾಡುತ್ತೇನೆ, ತಕ್ಷಣ ಬಾ.’ ನನ್ನ ಕಾರ್ಡು ಅವನ ಕೈಯಲ್ಲೇ ಇತ್ತು.

ಫೋನ್ ಬರಲಿಲ್ಲ. ನಡುರಾತ್ರಿ ದಾಟುವವರೆಗೆ ಮೊಬೈಲ್ ಹಿಡಿದು ಕುಳಿತಿದ್ದೆ.

ತಪ್ಪು ಕಾರ್ಡಿನಲ್ಲಿತ್ತು. ಊರಿನಲ್ಲಿ ಮುದ್ರಿಸುವಾಗ ಮೊಬೈಲ್ ಸಂಖ್ಯೆಯ ಹತ್ತೇ ಅಂಕಿ ಹಾಕಿಸಿದ್ದೆ. ನಮಗೆ ಅದು ಪೂರ್ಣ ಸಂಖ್ಯೆ. ಇಂಡೋನೇಷ್ಯಾದ ಸಿಮ್ ಹಾಕಿಕೊಂಡವನು ಅದನ್ನೇ ಒತ್ತಿದರೆ ಅಲ್ಲಿನ ಜಾಲ ಅದನ್ನು ಅಲ್ಲಿಯದೇ ಸಂಖ್ಯೆ ಎಂದುಕೊಳ್ಳುತ್ತದೆ, ಕರೆ ಹೋಗುವುದಿಲ್ಲ. ಹೆಸರು ಸೇರಿಸಿ ವಾಟ್ಸಾಪ್‌ನಲ್ಲಿ ಹುಡುಕಿದರೂ ಅದೇ ಗತಿ. +91 ಇಲ್ಲದಿದ್ದರೆ ಆ ಸಂಖ್ಯೆ ಬೇರೆ ದೇಶದವರಿಗೆ ನಾನಾಗುವುದೇ ಇಲ್ಲ. ಕೆಳಗೆ ಕಚೇರಿಯ ಸ್ಥಿರ ದೂರವಾಣಿ 08382ರಿಂದ ಶುರುವಾಗುತ್ತಿತ್ತು. ಹೊರದೇಶದಿಂದ ಕರೆಯುವಾಗ ಆ ಸೊನ್ನೆ ಬಿಟ್ಟು +91 8382 ಎಂದು ಒತ್ತಬೇಕು. ಇದನ್ನು ಅವನು ಎಲ್ಲಿಂದ ತಿಳಿಯಬೇಕು? ಬಸ್ಸಿನಲ್ಲಿ ಅಷ್ಟು ದಿನ ಅಕ್ಕಪಕ್ಕ ಕುಳಿತವರು ಒಂದು ಸಂದೇಶವನ್ನಾದರೂ ಕಳಿಸಿ ನೋಡಿದ್ದರೆ ಸಾಕಿತ್ತು. ಕಾರ್ಡ್ ಕೊಟ್ಟಾಗಿದೆಯಲ್ಲ ಎಂದು ಸುಮ್ಮನಿದ್ದೆ. ಕಚೇರಿಯ ಈಮೇಲನ್ನು ನಾನು ತೆರೆದದ್ದು ಕಾರವಾರಕ್ಕೆ ಮರಳಿದ ಮೇಲೆ. ಆ ರಾತ್ರಿಯೇ ಬಂದಿದ್ದ ಎರಡು ಪದ ಅಲ್ಲಿ ಕಾದಿದ್ದವು: ‘ಈಗಲೇ ಬಾ.’ ಎಂಟು ವರ್ಷಗಳಾಗುತ್ತ ಬಂದರೂ ಅದನ್ನು ಅಳಿಸಿಲ್ಲ.

ಹಾಗಾಗಿ ‘ದೊಡ್ಡ ಮಾಧ್ಯಮಗಳು’ ಎಂಬ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಅವರಿಗೆ ಬೇಕಾದದ್ದು ನಿಮ್ಮಲ್ಲಿಲ್ಲ, ಅವರಲ್ಲಿರುವುದು ಕುಮಟಾದ ಓದುಗರಿಗೆ ಹೇಗೂ ಮೊದಲೇ ತಲುಪಿರುತ್ತದೆ. ಇರಾನ್, ನೇಪಾಳ, ಬಾಂಗ್ಲಾದೇಶದ ಸಣ್ಣ ಪತ್ರಿಕೆಯವರನ್ನು ಹುಡುಕಿ. ತಮ್ಮ ಆಟಗಾರರ ಮನೆಮಠ ಬಲ್ಲವರು ಅವರು, ಮಣ್ಣಿನ ಕಬಡ್ಡಿ ಬಲ್ಲವರು ನೀವು. ಪಂದ್ಯದ ನಂತರ ಆಟಗಾರರು ಹಾದುಹೋಗುವ ಮಿಕ್ಸ್ಡ್ ಝೋನ್‌ನಲ್ಲಿ ಪ್ರಸಾರದ ಹಕ್ಕು ಪಡೆದವರಿಗೇ ಮೊದಲ ಜಾಗ, ಪತ್ರಿಕೆಯವರ ಸರದಿ ಕೊನೆಗೆ. ಅಲ್ಲಿ ‘ಇವರು ನಮ್ಮವರು, ಒಂದು ನಿಮಿಷ ನಿಲ್ಲು’ ಎಂದು ಆಟಗಾರನನ್ನು ತಡೆಯಬಲ್ಲವನು ಅವನ ಊರಿನ ಪತ್ರಕರ್ತ ಮಾತ್ರ.

ಜಪಾನಿನ ಸಮಯ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ ಒಂಬತ್ತಕ್ಕೆ ಮುಗಿದ ಪಂದ್ಯದ ಸುದ್ದಿ ಇಲ್ಲಿ ಸಂಜೆ ಐದೂವರೆಗೇ ಸಿಗುತ್ತದೆ, ಆದ್ದರಿಂದ ಪುಟ ಕಟ್ಟುವ ಗಡಿಬಿಡಿಯಲ್ಲಿ ಬಸ್ಸು ತಪ್ಪಿಸಿಕೊಳ್ಳಬೇಡಿ. ಕಾರ್ಡನ್ನು ಮುದ್ರಣಕ್ಕೆ ಕೊಡುವ ಮೊದಲು ಅದರ ಚಿತ್ರವನ್ನು ನನಗೆ ಕಳಿಸಿ. ಸಂಖ್ಯೆಯನ್ನು ಒಂದೊಂದೇ ಅಂಕಿ ಓದಿ ನೋಡಿಕೊಡುತ್ತೇನೆ.