ಕಪ್ಪಗಿದ್ದವರಿಗೆ ಚರ್ಮದ ಕ್ಯಾನ್ಸರ್ ಬರುವುದಿಲ್ಲವೇ?

"ನಮ್ಮ ಮೈಬಣ್ಣಕ್ಕೆ ಚರ್ಮದ ಕ್ಯಾನ್ಸರ್ ಬರಲ್ಲ ಅಂತಾರೆ, ನಿಜಾನಾ?" ಅಂತ ಕೇಳಿದ್ದೀರಿ. ಅರ್ಧ ನಿಜ. ನಾನು ಡಾಕ್ಟರ್ ಅಲ್ಲ. ಆದರೆ ಎಂಟು ವರ್ಷದಿಂದ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿದ್ದೇನೆ, ಇಲ್ಲಿ ನೆಗಡಿ ಜ್ವರದಷ್ಟೇ ಸಲೀಸಾಗಿ ಈ ಕಾಯಿಲೆಯ ಮಾತು ಬರುತ್ತದೆ.

ಆಸ್ಟ್ರೇಲಿಯಾದಲ್ಲಿ 70 ವರ್ಷ ತುಂಬುವಷ್ಟರಲ್ಲಿ ಮೂವರಲ್ಲಿ ಇಬ್ಬರಿಗೆ ಯಾವುದಾದರೊಂದು ಬಗೆಯ ಚರ್ಮದ ಕ್ಯಾನ್ಸರ್ ಬರುತ್ತದೆ. ಬಹುಪಾಲು ಕೊಯ್ದು ತೆಗೆದರೆ ಮುಗಿಯುತ್ತವೆ. ಜಾಸ್ತಿ ಹೆದರಬೇಕಾದದ್ದು ಮೆಲನೋಮಕ್ಕೆ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್‌ಗೆ, ಅದು ಬೇಗ ಒಳಗೆ ಹರಡುತ್ತದೆ. ಮೋಡದ ನಾಡಿನಿಂದ ಬಂದವರ ಬಿಳಿ ಚರ್ಮ, ಇಲ್ಲಿಯ ಬಿಸಿಲು, ಇನ್ನೇನಾಗುತ್ತೆ? ವಯಸ್ಸಾದಷ್ಟೂ ಜಾಸ್ತಿ, ಗಂಡಸರಿಗೆ ಇನ್ನೂ ಜಾಸ್ತಿ. ಮಗಳ ಶಾಲೆಯಲ್ಲಿ ಟೋಪಿ ಇಲ್ಲದಿದ್ದರೆ ಆಟಕ್ಕೇ ಬಿಡುವುದಿಲ್ಲ. ಒಂದಿನ ಮರೆತು ಹೋಗಿ, ಬಿಡುವಿನ ಹೊತ್ತೆಲ್ಲ ನೆರಳಲ್ಲಿ ಕೂತು ಬಂದು, "ಅಪ್ಪಾ, ನಾನು ಕಪ್ಪಿದ್ದೀನಲ್ಲ, ನಂಗ್ಯಾಕೆ ಟೋಪಿ?" ಅಂತ ಜಗಳಕ್ಕೇ ನಿಂತಳು.

ಅವಳ ಮಾತೂ ಪೂರ್ತಿ ಸುಳ್ಳಲ್ಲ. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ಬಿಸಿಲಿನ ಹೊಡೆತವನ್ನು ತುಂಬಾ ತಡೆಯುತ್ತದೆ. ಭಾರತದ ಒಟ್ಟು ಕ್ಯಾನ್ಸರ್‌ಗಳಲ್ಲಿ ಚರ್ಮದ್ದು ಶೇ. 1ಕ್ಕಿಂತ ಕಡಿಮೆ. ಆದರೆ ನಮ್ಮವರಲ್ಲಿ ಬಂದಾಗ ಎಷ್ಟೋ ಸಲ ಬಿಸಿಲೇ ತಾಗದ ಜಾಗದಲ್ಲಿ ಬರುತ್ತದೆ. ಕಾಶ್ಮೀರದಲ್ಲಿ ಚಳಿಗೆ ಕಾಂಗ್ಡಿ ಎಂಬ ಕೆಂಡದ ಕುಡಿಕೆಯನ್ನು ಫೆರಾನ್ ಎಂಬ ಉದ್ದ ನಿಲುವಂಗಿಯ ಒಳಗೆ ಇಟ್ಟುಕೊಳ್ಳುತ್ತಾರಲ್ಲ, ಅವರಿಗೆ ತೊಡೆ, ಹೊಟ್ಟೆಯ ಮೇಲೆ. ಹಳೇ ಸುಟ್ಟ ಗಾಯದ ಕಲೆಯಲ್ಲಿ, ವರ್ಷಗಟ್ಟಲೆ ವಾಸಿಯಾಗದ ಹುಣ್ಣಿನಲ್ಲಿ. ಸೀರೆ, ಪಂಚೆ ಬಿಗಿದು ಬಿಗಿದು ಸೊಂಟದಲ್ಲಿ ಬಂದದ್ದೂ ಅಪರೂಪಕ್ಕೆ ಉಂಟು. ಮೆಲನೋಮವಾದರೆ ಅಂಗಾಲು, ಅಂಗೈ, ಉಗುರಿನ ಅಡಿ. ಜಮೈಕಾದ ಕಪ್ಪು ವರ್ಣದ ಗಾಯಕ ಬಾಬ್ ಮಾರ್ಲಿಗೆ ಶುರುವಾದದ್ದು ಕಾಲಿನ ಹೆಬ್ಬೆರಳಿನ ಉಗುರಿನಡಿ. 1981ರಲ್ಲಿ ತೀರಿಕೊಂಡಾಗ ಬರೀ 36 ವರ್ಷ.

ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪನಿಗೆ ಹಿಮ್ಮಡಿಯಲ್ಲಿ ಹುಣಸೆಬೀಜದಷ್ಟು ಕಪ್ಪು ಕಲೆ ಇತ್ತು. ಆಣಿ ಅಂತ ಬ್ಲೇಡಿನಲ್ಲಿ ಕೆರೆದುಕೊಳ್ಳುತ್ತಾ ಒಂದೂವರೆ ವರ್ಷ ಕಳೆದರು. ಅಂಚು ಹರಡಿ, ರಕ್ತ ಒಸರಿದ ಮೇಲೆ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಮಾಡಿಸಿದ್ದು. ಮೆಲನೋಮ. ಹಿಮ್ಮಡಿಯ ಒಂದು ಭಾಗವನ್ನೇ ತೆಗೆದು, ತೊಡೆಯ ಚರ್ಮ ತಂದು ಮುಚ್ಚಿದರು. ಪುಣ್ಯಕ್ಕೆ ಆರಾಮಾಗಿದ್ದಾರೆ. "ಮೊದಲೇ ಯಾಕೆ ಹೇಳಲಿಲ್ಲ?" ಅಂದರೆ, "ಅಂಗಾಲು ಯಾರು ನೋಡ್ಕೋತಾರೆ ಮಾರಾಯ" ಅಂದರು.

ಹಾಗಾಗಿ ಬಣ್ಣದ ಲೆಕ್ಕ ಬಿಟ್ಟು ಕಾಲು ನೋಡಿಕೊಳ್ಳಿ. ಬೆಳೆಯುತ್ತಿರುವ ಮಚ್ಚೆ, ಒಂದೇ ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪು ಗೆರೆ, ತಿಂಗಳಾದರೂ ಮಾಯದ ಹುಣ್ಣು ಕಂಡರೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಮನೆಯಲ್ಲಿ ಬಗ್ಗಲಾಗದ ಹಿರಿಯರಿದ್ದರೆ ಅವರ ಅಂಗಾಲನ್ನು ನೀವೇ ನೋಡಿ.