ಬಾತ್‌ರೂಮ್ ಬಾಗಿಲು ಸರಿಸಬಹುದು, ಮೆಟ್ಟಿಲು?

ಪ್ರಶ್ನೆ: ಬೆಂಗಳೂರಿನ ಹೊರವಲಯದಲ್ಲಿ 30×40 ಸೈಟಿನಲ್ಲಿ ಬಿಲ್ಡರ್ ಒಬ್ಬರು ಕಟ್ಟಿ ಮುಗಿಸಿರುವ ಹೊಸ ಮನೆ ನೋಡಿದ್ದೇವೆ. ಪಶ್ಚಿಮಕ್ಕೆ ರಸ್ತೆ. ದಕ್ಷಿಣಕ್ಕೆ ಮತ್ತು ಹಿಂದುಗಡೆ ಮನೆಗಳಿವೆ, ಉತ್ತರದ ಸೈಟ್ ಖಾಲಿ ಇದೆ. ಕೆಳಗೆ ಪಾರ್ಕಿಂಗ್, ಅದರ ಹಿಂದೆ ಬಾಡಿಗೆಗೆಂದು ಒಂದು ಪುಟ್ಟ ಮನೆ. ತಿಂಗಳಿಗೆ 12,000 ಬಾಡಿಗೆ ಬಂದರೆ ಸಾಲದ ಕಂತಿಗೆ ಆಸರೆ ಎಂದು ನಮ್ಮ ಲೆಕ್ಕ. ಮೊದಲ ಮಹಡಿಯಲ್ಲಿ ಹಾಲ್, ಊಟದ ಜಾಗ, ಆಗ್ನೇಯಕ್ಕೆ ಅಡುಗೆಮನೆ, ಉತ್ತರದ ಬದಿಗೆ ಅತ್ತೆಗೆ ಎಂದುಕೊಂಡಿರುವ ರೂಮ್. ಅದರ ಮೇಲೆ ಎರಡು ಬೆಡ್‌ರೂಮ್.

ಊಟದ ಮೇಜಿಗೆ ನೇರ ಎದುರಿಗೇ ಬಾತ್‌ರೂಮ್ ಬಾಗಿಲಿದೆ. ಅಡುಗೆಮನೆಗೆ ಯುಟಿಲಿಟಿ (ಪಾತ್ರೆ, ಬಟ್ಟೆ ತೊಳೆಯುವ ಜಾಗ) ಇಲ್ಲ, ಇರುವ ಕಿಟಕಿ ಡಕ್ಟ್ (ಪೈಪು, ಗಾಳಿಗೆಂದು ಬಿಟ್ಟ ಕಿರಿದಾದ ಸಂದು) ಕಡೆಗೆ. ಹಾಲ್‌ನಲ್ಲಿ ಒಂದು ಪಿಲ್ಲರ್ ಮುಕ್ಕಾಲು ಅಡಿ ಮುಂದಕ್ಕೆ ಬಂದಿದೆ. ನನಗಂತೂ ಆ ಬಾತ್‌ರೂಮ್ ಬಾಗಿಲು ನೋಡಿದ ಕೂಡಲೇ ಮನಸ್ಸು ಮುರಿಯಿತು. ಏರಿಯಾ ಚೆನ್ನಾಗಿದೆ, ಗಾಳಿ ಬೆಳಕು ಧಾರಾಳ, ಇಂಥದ್ದು ಮತ್ತೆ ಸಿಗಲ್ಲ ಅಂತಾರೆ ನಮ್ಮವರು. ಬಿಲ್ಡರ್ 3 ಲಕ್ಷ ಇಳಿಸಲು ಒಪ್ಪಿದ್ದಾರೆ. ಅತ್ತೆಗೆ 71 ವರ್ಷ, ಮಂಡಿನೋವು. ಮನೆ ನೋಡಲು ಬಂದ ದಿನ ಹೊರಗಿನ 15 ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ಕೂತುಕೊಂಡರು. ತೆಗೆದುಕೊಳ್ಳಬಹುದೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಬಾತ್‌ರೂಮ್ ಬಾಗಿಲಿನ ಬಗ್ಗೆ ಅಷ್ಟೆಲ್ಲ ಬರೆದಿದ್ದೀರಿ. ಮೆಟ್ಟಿಲಿನ ಸಂಗತಿ ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗಿದೆ. ನಾನು ಆ ಸಾಲಿನಿಂದಲೇ ಶುರು ಮಾಡುತ್ತೇನೆ.

ನೆಲದಿಂದ ಮೊದಲ ಮಹಡಿಗೆ ಸಾಮಾನ್ಯವಾಗಿ 10 ಅಡಿ, ಅಂದರೆ 120 ಅಂಗುಲ. ಅದನ್ನು 15 ಮೆಟ್ಟಿಲಿನಲ್ಲಿ ಹತ್ತಿಸಿದರೆ ಒಂದೊಂದು ಮೆಟ್ಟಿಲು 8 ಅಂಗುಲ ಎತ್ತರ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಮನೆಗೆ ಹೇಳುವುದು ಹೆಚ್ಚೆಂದರೆ 190 ಮಿ.ಮೀ., ಅಂದರೆ ಏಳೂವರೆ ಅಂಗುಲ. ಪಾದ ಇಡುವ ಅಗಲ ಕನಿಷ್ಠ 250 ಮಿ.ಮೀ., 10 ಅಂಗುಲ. ಮೇಸ್ತ್ರಿಗಳಿಗೂ ಗೊತ್ತಿರುವ ಹಳೆಯ ಲೆಕ್ಕ ಇನ್ನೊಂದಿದೆ: ಎರಡು ಎತ್ತರ, ಒಂದು ಅಗಲ ಕೂಡಿಸಿದರೆ 24ರಿಂದ 25 ಅಂಗುಲ ಬರಬೇಕು. ಅಗಲ 10 ಅಂಗುಲ ಎಂದುಕೊಂಡರೆ ನಿಮ್ಮದು 26. ಅರ್ಧ ಅಂಗುಲ, ಒಂದು ಅಂಗುಲ ಎಂದರೆ ಕೇಳಲು ಏನೂ ಅನ್ನಿಸುವುದಿಲ್ಲ. ಮಂಡಿಗೆ ಗೊತ್ತಾಗುತ್ತದೆ, ನಿಮ್ಮ ಅತ್ತೆಗೆ ಆ ದಿನವೇ ಗೊತ್ತಾಯಿತು. ಇನ್ನೊಮ್ಮೆ ಹೋದಾಗ ಟೇಪ್ ಹಿಡಿದು ಪ್ರತಿ ಮೆಟ್ಟಿಲನ್ನೂ ಅಳೆಯಿರಿ. ಎಲ್ಲವೂ ಒಂದೇ ಎತ್ತರ ಇದೆಯೇ ಎಂಬುದೂ ಮುಖ್ಯ. ಮೊದಲನೆಯದು ಮತ್ತು ಕೊನೆಯದು ಹೆಚ್ಚು ಕಡಿಮೆ ಆಗಿರುವ ಮನೆಗಳೇ ಜಾಸ್ತಿ, ಜನ ಎಡವುವುದೂ ಅಲ್ಲೇ.

ಇದನ್ನು ಸರಿಪಡಿಸಬಹುದೇ? 7 ಅಂಗುಲಕ್ಕೆ ಇಳಿಸಬೇಕಾದರೆ 17 ಮೆಟ್ಟಿಲು ಬೇಕು. ಎರಡು ಹೆಚ್ಚು ಮೆಟ್ಟಿಲು ಎಂದರೆ 20 ಅಂಗುಲ ಹೆಚ್ಚು ಉದ್ದ. ಕಾಂಕ್ರೀಟ್ ಮೆಟ್ಟಿಲನ್ನು ಪೂರ್ತಿ ಒಡೆದು ಹೊಸದಾಗಿ ಹಾಕಬೇಕು, ಆ 20 ಅಂಗುಲವನ್ನು ಪಾರ್ಕಿಂಗಿನಿಂದ ಕದಿಯಬೇಕು. ಹೊಸ ಮನೆಗೆ ಯಾರೂ ಇದನ್ನು ಮಾಡುವುದಿಲ್ಲ. ಲಿಫ್ಟ್ ಹಾಕಿಸೋಣ ಎಂದು ಬಿಲ್ಡರ್ ಅನ್ನಬಹುದು. ಸ್ಲ್ಯಾಬ್ ಕತ್ತರಿಸಬೇಕು, ಹಾಲ್‌ನ ಒಂದು ಮೂಲೆ ಹೋಗುತ್ತದೆ, ಖರ್ಚು ಅವರು ಇಳಿಸಿದ ದುಡ್ಡನ್ನು ಮೀರುತ್ತದೆ.

ಹಾಗಾದರೆ ಅತ್ತೆಯವರು ಕೆಳಗಿನ ಪುಟ್ಟ ಮನೆಯಲ್ಲಿರಲಿ ಎಂದುಕೊಳ್ಳೋಣ. ಆಗ ಬಾಡಿಗೆ ಇಲ್ಲ. ತಿಂಗಳಿಗೆ 12,000 ಎಂದರೆ 25 ತಿಂಗಳಿಗೆ 3 ಲಕ್ಷ. ಬಿಲ್ಡರ್ ಕೊಟ್ಟ ರಿಯಾಯಿತಿ ಎರಡು ವರ್ಷಕ್ಕೆ ಮುಗಿಯಿತು, ಕಂತು ಮುಂದುವರಿಯುತ್ತದೆ. ಜೊತೆಗೆ ವಯಸ್ಸಾದವರು ಕೆಳಗೆ ಒಬ್ಬರೇ, ನೀವೆಲ್ಲ ಮೇಲೆ. ಊಟದ ತಟ್ಟೆ ಹಿಡಿದು ದಿನಕ್ಕೆ ಎಷ್ಟು ಸಲ ಇಳಿಯುತ್ತೀರಿ, ಲೆಕ್ಕ ಹಾಕಿ.

ಎರಡನೆಯದು ನಿಮ್ಮ ಯಜಮಾನರು ಮೆಚ್ಚಿದ ಆ ಗಾಳಿ ಬೆಳಕು. ಅದು ನಿಮ್ಮ ಮನೆಯದಲ್ಲ, ಪಕ್ಕದ ಖಾಲಿ ಸೈಟಿನದು. ದಕ್ಷಿಣ, ಪೂರ್ವ ಎರಡೂ ಕಡೆ ಆಗಲೇ ಗೋಡೆ ಎದ್ದಿದೆ. ಉತ್ತರದವರೂ ನಾಳೆ ಕಟ್ಟುತ್ತಾರೆ, ಕಟ್ಟುವಾಗ ಇಂಥ ಸೈಟಿನಲ್ಲಿ ಪಕ್ಕಕ್ಕೆ ಬಿಡುವುದು ಸಾಮಾನ್ಯವಾಗಿ ಮೂರಡಿ, ಅದನ್ನೂ ಬಿಡದವರಿದ್ದಾರೆ. ಆಗ ನಿಮಗೆ ಉಳಿಯುವುದು ಪಶ್ಚಿಮ ಒಂದೇ: ಬೆಳಗ್ಗೆ ಮಬ್ಬು, ಮಧ್ಯಾಹ್ನ ಮೂರರಿಂದ ಸುಡುಬಿಸಿಲು. ಅತ್ತೆಯವರ ರೂಮಿನ ಕಿಟಕಿ ಸಂಹಿತೆಯ ಪ್ರಕಾರ ಸರಿಯಾಗಿಯೇ ಇರಬಹುದು. ಕಿಟಕಿಯಂಥ ತೆರಪು ನೆಲದ ವಿಸ್ತೀರ್ಣದ ಇಷ್ಟನೇ ಒಂದು ಭಾಗ ಇರಬೇಕು ಎಂದು ಹವಾಮಾನ ನೋಡಿ ಅದು ಹೇಳುತ್ತದೆ. 110 ಚದರಡಿ ರೂಮಿಗೆ ಎಂಟನೇ ಒಂದು ಭಾಗ ಎಂದಿಟ್ಟುಕೊಂಡರೂ ಸುಮಾರು 14 ಚದರಡಿ, 4×4 ಕಿಟಕಿ ಇಟ್ಟರೆ ಪಾಸು. ಆ ಕಿಟಕಿಯ ಮೂರಡಿ ಆಚೆ ಪಕ್ಕದವರ ಬಾತ್‌ರೂಮ್ ಪೈಪು ಇಳಿದರೆ ಏನು ಎಂದು ಅದು ಕೇಳುವುದಿಲ್ಲ.

ಪರೀಕ್ಷೆ ಸುಲಭ. ಬೆಳಗ್ಗೆ ಹನ್ನೊಂದಕ್ಕೆ ಹೋಗಿ, ಎಲ್ಲ ಲೈಟು ಆರಿಸಿ. ಬಿಲ್ಡರ್‌ಗಳು ಮನೆ ತೋರಿಸುವಾಗ ಹಗಲಲ್ಲೂ ಎಲ್ಲ ಲೈಟು ಹಾಕಿಟ್ಟಿರುತ್ತಾರೆ, ಗಮನಿಸಿದ್ದೀರಾ? ಉತ್ತರದ ಕಿಟಕಿಗಳಿಗೆ ದಪ್ಪ ಬೆಡ್‌ಶೀಟ್ ಕಟ್ಟಿಸಿ. ಊಟದ ಜಾಗದಲ್ಲಿ ನಿಂತು ದಿನಪತ್ರಿಕೆ ಓದಲು ಆಗುತ್ತದೆಯೇ ನೋಡಿ. ಐದು ವರ್ಷದ ನಂತರದ ನಿಮ್ಮ ಮನೆ ಅದು.

ಇದಕ್ಕೆ ಅರ್ಧ ಪರಿಹಾರವಿದೆ. ಒಳಗಿನ ಮೆಟ್ಟಿಲು ಟೆರೇಸಿನ ತನಕ ಹೋಗುತ್ತದಾದರೆ ಅದರ ತಲೆಯ ಮೇಲಿನ ಗೋಡೆಗಳಲ್ಲಿ ಲೂವರ್ ಕಿಟಕಿ (ಓರೆ ಪಟ್ಟಿಗಳ ಕಿಟಕಿ), ಚಾವಣಿಯಲ್ಲಿ ಗಾಜು ಹಾಕಿಸಬಹುದು. ಬೆಳಕು ಮೆಟ್ಟಿಲಿನ ಬಾವಿಯಿಂದ ಊಟದ ಜಾಗದವರೆಗೆ ಇಳಿಯುತ್ತದೆ, ಬಿಸಿಗಾಳಿ ಮೇಲೆ ಹೊರಟುಹೋಗುತ್ತದೆ. ಆದರೆ ಅತ್ತೆಯವರ ರೂಮಿಗೆ ಅದರಿಂದ ಪ್ರಯೋಜನವಿಲ್ಲ. ಪಶ್ಚಿಮದ ಬಿಸಿಲಿಗೆ ಅಗಲವಾದ ಸಜ್ಜಾ, ಗೇಟಿನ ಮುಂದೆ ಒಂದು ಹೊಂಗೆ ಗಿಡ.

ಇನ್ನು ನಿಮ್ಮ ಮನಸ್ಸು ಮುರಿದ ಬಾಗಿಲು. ಅದಿರುವುದು ಬಹುಶಃ ನಾಲ್ಕು ಇಂಚಿನ ಬ್ಲಾಕ್ ಗೋಡೆಯಲ್ಲಿ. ಪಿಲ್ಲರ್–ಬೀಮ್ ಮನೆಯಲ್ಲಿ ಅಂಥ ಗೋಡೆ ಭಾರ ಹೊರುವುದಿಲ್ಲ. ಅತ್ತೆಯವರ ರೂಮ್ ಅಂಟಿಕೊಂಡಿದ್ದರೆ ಬಾಗಿಲನ್ನು ಆ ಕಡೆ ತೆರೆಸಿ, ಇಲ್ಲವೆ ಪಕ್ಕದ ಗೋಡೆಗೆ ತಿರುಗಿಸಿ. ಗೋಡೆಯೊಳಗಿನ ವೈರು, ನೀರಿನ ಪೈಪು ನೋಡಿಕೊಂಡು ಒಡೆಯಬೇಕು, ಹೊಸ ಹೊಸ್ತಿಲ ಬಳಿ ವಾಟರ್‌ಪ್ರೂಫಿಂಗ್ ಮತ್ತೆ ಮಾಡಿಸಬೇಕು. ಒಂದು ವಾರದ ಕೆಲಸ. ಬಾತ್‌ರೂಮನ್ನೇ ಬೇರೆ ಕಡೆ ಒಯ್ಯುತ್ತೇನೆ ಎಂದರೆ ಮಾತ್ರ ಬೇಡ. ಸ್ಲ್ಯಾಬ್ ತಗ್ಗಿಸಿರುವುದು, ಪೈಪು ಇಳಿದಿರುವುದು ಅಲ್ಲಿ ಮಾತ್ರ.

ಪಿಲ್ಲರ್ ಪಕ್ಕ ಪುಸ್ತಕದ ಕಪಾಟು ಮಾಡಿಸಿ, ಕಣ್ಣಿಗೆ ಕಾಣುವುದಿಲ್ಲ. ಸ್ವಲ್ಪ ಕೆತ್ತಿ ಒಳಗೆ ತಳ್ಳುತ್ತೇವೆ ಎಂದು ಯಾರಾದರೂ ಹೇಳಿದರೆ ಅವರ ಜೊತೆ ವ್ಯವಹಾರವನ್ನೇ ನಿಲ್ಲಿಸಿ. ಕಾರಿನ ಬಾಗಿಲು ತೆರೆಯಲು ಅಡ್ಡ ಎಂದು ಪಾರ್ಕಿಂಗಿನ ಪಿಲ್ಲರಿನ ಮೂಲೆ ಕೆತ್ತಿಸಿ, ಕಂಬಿ ಹೊರಬಿದ್ದ ಮೇಲೆ ನನ್ನನ್ನು ಕರೆದವರಿದ್ದಾರೆ. ಅಂದಹಾಗೆ ಸಂಪಿನ ಮುಚ್ಚಳ ಎಲ್ಲಿದೆ ನೋಡಿ. ಕಾರಿನ ಚಕ್ರದ ಕೆಳಗೇ ಇದ್ದರೆ ಟ್ಯಾಂಕರ್ ಬಂದಾಗಲೆಲ್ಲ ಕಾರು ರಸ್ತೆಗೆ.

ಅಡುಗೆಮನೆ ಆಗ್ನೇಯದಲ್ಲಿದೆ, ವಾಸ್ತು ಪಕ್ಕಾ ಎಂದು ಬಿಲ್ಡರ್ ಹೆಮ್ಮೆಪಟ್ಟಿರುತ್ತಾರೆ. ಪಶ್ಚಿಮ ರಸ್ತೆಯ ಸೈಟಿನಲ್ಲಿ ಆಗ್ನೇಯ ಎಂದರೆ ಹಿಂದಿನ ಮೂಲೆ, ಎರಡೂ ಕಡೆ ಪಕ್ಕದವರ ಗೋಡೆ. ಮೂಲೆ ಶಾಸ್ತ್ರಕ್ಕೆ ಸರಿ, ಒಗ್ಗರಣೆಯ ಹೊಗೆಗೆ ದಾರಿ ಇಲ್ಲ. ಡಕ್ಟ್ ಮೇಲೆ ತೆರೆದಿದೆಯೇ ಅಥವಾ ಶೀಟು ಮುಚ್ಚಿದ್ದಾರೆಯೇ, ಟೆರೇಸ್ ಹತ್ತಿ ನೋಡಿ. ತೆರೆದಿದ್ದರೆ ಚಿಮಣಿ ಪೈಪು ಅಲ್ಲಿಗೆ ಬಿಟ್ಟು ಸಂಭಾಳಿಸಬಹುದು. ಯುಟಿಲಿಟಿ ಇಲ್ಲದ್ದು ದಿನಾ ಕಾಡುತ್ತದೆ. ಮುಸುರೆ ಪಾತ್ರೆ, ವಾಷಿಂಗ್ ಮೆಷಿನ್, ನೆಲ ಒರೆಸುವ ಬಕೆಟ್ ಎಲ್ಲಿಡುತ್ತೀರಿ? ಮೆಷಿನ್ ಟೆರೇಸಿನಲ್ಲಿ ಎಂದು ಅವರು ಹೇಳುತ್ತಾರೆ. ಅದಕ್ಕೂ ಮೆಟ್ಟಿಲು ಹತ್ತಬೇಕು.

ಹೀಗೆ ಒಂದಕ್ಕೊಂದು ಇಕ್ಕಟ್ಟು ಸೇರಿಕೊಂಡ ಮನೆ ಕಂಡಾಗ ನನಗೆ ಮೊದಲು ಬರುವ ಅನುಮಾನ ಬೇರೆ. ಮಂಜೂರಾದ ನಕ್ಷೆ ಕೇಳಿ ತೆಗೆದುಕೊಂಡು, ಟೇಪ್ ಹಿಡಿದು ಮನೆ ಸುತ್ತಿ. ಹೆಚ್ಚುವರಿ ಬಾಡಿಗೆ ಮನೆ ತುರುಕಲು ಮೆಟ್ಟಿಲಿನ ಜಾಗವನ್ನು ಮೊಟಕು ಮಾಡಿರುವುದು, ಪಕ್ಕ ಬಿಡಬೇಕಾದ ಜಾಗವನ್ನು ರೂಮಿಗೆ ಸೇರಿಸಿರುವುದು ಅಪರೂಪವೇನಲ್ಲ. ನಕ್ಷೆಯಲ್ಲಿ ಕೆಳಗಿನ ಮನೆಯೇ ಇಲ್ಲದಿರಬಹುದು. ಆಗ ಪ್ರಶ್ನೆ ಪ್ಲಾನಿನ ಅಂದಚೆಂದದ್ದಲ್ಲ. ಇನ್ನೊಂದು ಮಾತು: ರೇರಾ, ಅಂದರೆ ಬಿಲ್ಡರ್‌ಗಳ ಮನೆ ಮಾರಾಟವನ್ನು ನಿಯಂತ್ರಿಸುವ ರಿಯಲ್ ಎಸ್ಟೇಟ್ ಕಾಯ್ದೆಯ ನೋಂದಣಿ, ಜಾಗ 500 ಚದರ ಮೀಟರ್ ಅಥವಾ ಮನೆಗಳ ಸಂಖ್ಯೆ ಎಂಟು ಮೀರದಿದ್ದರೆ ಕಡ್ಡಾಯವಲ್ಲ. 1,200 ಚದರಡಿ ಸೈಟು 111 ಚದರ ಮೀಟರ್ ಚಿಲ್ಲರೆ. ರಚನೆಯ ದೋಷಕ್ಕೆ ಐದು ವರ್ಷ ಬಿಲ್ಡರ್ ಹೊಣೆ ಎಂಬ ಆ ಕಾಯ್ದೆಯ ರಕ್ಷಣೆ ನಿಮಗೆ ತಾನಾಗಿ ಸಿಗುವುದಿಲ್ಲ, ಕರಾರಿನಲ್ಲಿ ಬರೆಸಿಕೊಳ್ಳಬೇಕು.

ನನ್ನ ಅಭಿಪ್ರಾಯ: ಅತ್ತೆಯವರು ನಿಮ್ಮ ಜೊತೆ ಇರುವುದು ಖಚಿತವಾದರೆ ಈ ಮನೆ 3 ಲಕ್ಷವಲ್ಲ, ಹತ್ತು ಲಕ್ಷ ಇಳಿಸಿದರೂ ಬೇಡ. ಅವರು ಬೇರೆ ಮಗನ ಮನೆಯಲ್ಲಿರುವುದಾದರೆ, ಬೆಡ್‌ಶೀಟ್ ಪರೀಕ್ಷೆ ಮತ್ತು ನಕ್ಷೆ ಎರಡೂ ಸರಿಯಾಗಿದ್ದರೆ, ಮಾತುಕತೆಗೆ ಕೂರಬಹುದು. ಬಾಗಿಲು ತಿರುಗಿಸುವುದು, ಲೂವರ್, ಸಜ್ಜಾ, ಇವಕ್ಕೆ ಬಿಲ್ಡರ್ ಕಡೆಯವರಲ್ಲದ ಇಂಜಿನಿಯರ್‌ರಿಂದ ಅಂದಾಜು ಪಟ್ಟಿ ಮಾಡಿಸಿ. ಕೆಲಸ ರಿಜಿಸ್ಟ್ರೇಷನ್‌ಗೆ ಮೊದಲೇ ಮುಗಿಯಬೇಕು. ಆಮೇಲೆ ಮಾಡಿಕೊಡುತ್ತೇವೆ ಎಂದವರು ಫೋನ್ ಎತ್ತಿದ್ದನ್ನು ನಾನು ಹೆಚ್ಚು ನೋಡಿಲ್ಲ.

ಪ್ರಶ್ನೆ: ಮಗ ವಿದೇಶದಲ್ಲಿದ್ದಾನೆ. ಮೈಸೂರಿನಲ್ಲಿ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಪ್ಲಾನ್ ಕಳಿಸಿ ಹೇಗಿದೆ ಎಂದು ಕೇಳುತ್ತಾನೆ. ಬೆಡ್‌ರೂಮ್ 10×10 ಅಂತ ಇದೆ. ಚಿತ್ರದಲ್ಲಂತೂ ಮಂಚ, ಬೀರು, ಮೇಜು ಎಲ್ಲ ಹಿಡಿದಿದೆ.
— ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಸಾರ್, ಚಿತ್ರದಲ್ಲಿ ಮಂಚ ಯಾವ ಅಳತೆಯದ್ದು ಎಂದು ಬರೆದಿರುವುದಿಲ್ಲ. ನಿಮ್ಮ ಮನೆಯ ಮಂಚ ಅಳೆಯಿರಿ, ಇಬ್ಬರು ಮಲಗುವುದಾದರೆ ಸುಮಾರು 5×6½ ಅಡಿ ಇರುತ್ತದೆ. ಗೋಡೆ ಕಪಾಟು 2 ಅಡಿ ಆಳ. ಹತ್ತು ಅಡಿಯಲ್ಲಿ ಎಂಟೂವರೆ ಹೋಯಿತು, ಮಂಚದ ಕಾಲಿನ ಕಡೆ ಕಪಾಟು ಬಂದರೆ ನಡೆಯಲು ಉಳಿಯುವುದು ಒಂದೂವರೆ ಅಡಿ. ಕಪಾಟಿನ ಬಾಗಿಲು ಅರ್ಧ ತೆರೆಯುವಷ್ಟರಲ್ಲಿ ಮಂಚಕ್ಕೆ ಬಡಿಯುತ್ತದೆ. ಅಂಗಳದಲ್ಲಿ ಸೀಮೆಸುಣ್ಣದಿಂದ ಆ ರೂಮನ್ನು ನಿಜ ಅಳತೆಯಲ್ಲೇ ಬರೆದು, ಮಂಚ, ಕಪಾಟು, ಬಾಗಿಲು ತೆರೆಯುವ ಕಮಾನು ಎಲ್ಲ ಗುರುತಿಸಿ, ಒಳಗೆ ಓಡಾಡಿ ವಿಡಿಯೊ ಮಾಡಿ ಮಗನಿಗೆ ಕಳಿಸಿ.

ವಿಸ್ತೀರ್ಣ ಹೇಳುವಾಗ ಕಾರ್ಪೆಟ್ ಏರಿಯಾ ಮಾತ್ರ ಕೇಳಿ. ರೇರಾ ಪ್ರಕಾರ ಅದರಲ್ಲಿ ಒಳಗೋಡೆ ಸೇರುತ್ತದೆ, ಹೊರಗೋಡೆ, ಡಕ್ಟ್, ಬಾಲ್ಕನಿ ಸೇರುವುದಿಲ್ಲ. ಕಟ್ಟುತ್ತಿರುವ ಮನೆ ಎಂಬುದು ನಿಮ್ಮ ಅದೃಷ್ಟ. ನಾಲ್ಕಿಂಚಿನ ಗೋಡೆ ಏಳುವ ಮೊದಲೇ ಬಾಗಿಲು ಅತ್ತಿತ್ತ ಸರಿಸಲು ಸಾಧ್ಯವೇ ಎಂದು ಈಗಲೇ ಲಿಖಿತವಾಗಿ ಕೇಳಿ. ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮ ಮನೆಯ ಮಂಜೂರಾದ ಪ್ಲಾನನ್ನು ಅವರೂ ಬದಲಿಸುವಂತಿಲ್ಲ.