ಒಂದೇ ವಾಕ್ಯ ಮತ್ತೆ ಮತ್ತೆ: ಹುಡುಕೋದು ಹೇಗೆ?

ಪ್ರಶ್ನೆ: ನಮ್ಮ ಒಕ್ಕದ (ಕೊಡವ ಮನೆತನದ) ಚರಿತ್ರೆಯನ್ನು ವರ್ಡ್‌ನಲ್ಲಿ ಟೈಪ್ ಮಾಡಿದ್ದೇನೆ. ನಾಲ್ಕೈದು ಜನ ಹಿರಿಯರು ಬರೆದುಕೊಟ್ಟದ್ದನ್ನು ಸೇರಿಸಿದ್ದರಿಂದ ಐನ್‌ಮನೆ (ಮನೆತನದ ಮೂಲ ಮನೆ), ಹುತ್ತರಿ (ಸುಗ್ಗಿ ಹಬ್ಬ) ಬಗ್ಗೆ ಅದದೇ ವಾಕ್ಯಗಳು ಬಂದಿವೆ. ಕಂಡುಹಿಡಿಯೋದು ಹೇಗೆ?
– ಓದುಗರು, ವಿರಾಜಪೇಟೆ

ಉತ್ತರ: ತುಂಬಾ ಒಳ್ಳೆ ಕೆಲಸಕ್ಕೆ ಕೈ ಹಾಕಿದ್ದೀರಿ. ಮಡಿಕೇರಿಯಲ್ಲಿ ಇಂಥ ಪುಸ್ತಕಗಳ ಡಿಟಿಪಿ ಮಾಡುವ ನನಗೂ ಇದು ದಿನಾ ಎದುರಾಗುವ ತೊಂದರೆ. ವರ್ಡ್‌ನಲ್ಲಿ ಇದಕ್ಕೆಂದೇ ಬಟನ್ ಇಲ್ಲ. ಎಕ್ಸೆಲ್ ಸಹಾಯ ಬೇಕು.

ಮೊದಲು ಫೈಲಿನ ಕಾಪಿ ಮಾಡಿಕೊಳ್ಳಿ. ಅದರಲ್ಲಿ ಕಂಟ್ರೋಲ್ ಎಚ್ ಒತ್ತಿ. ಫೈಂಡ್‌ನಲ್ಲಿ ಚುಕ್ಕಿ, ಒಂದು ಸ್ಪೇಸ್ ಕೊಡಿ. ರೀಪ್ಲೇಸ್‌ನಲ್ಲಿ ಚುಕ್ಕಿ ಹಾಕಿ, 'ಮೋರ್'ನಲ್ಲಿರುವ 'ಸ್ಪೆಷಲ್' ಒಳಗಿನ ಪ್ಯಾರಾಗ್ರಾಫ್ ಮಾರ್ಕ್ ಸೇರಿಸಿ. ರೀಪ್ಲೇಸ್ ಆಲ್ ಕೊಟ್ಟರೆ ಒಂದೊಂದು ವಾಕ್ಯ ಒಂದೊಂದು ಸಾಲಿಗೆ ಬರುತ್ತದೆ. 'ಡಾ.' ಇದ್ದಲ್ಲೂ ಸಾಲು ಮುರಿಯುತ್ತದೆ, ಬಿಡಿ. ಎಲ್ಲವನ್ನೂ ಎಕ್ಸೆಲ್‌ಗೆ ಪೇಸ್ಟ್ ಮಾಡಿ, ಕಂಡಿಷನಲ್ ಫಾರ್ಮ್ಯಾಟಿಂಗ್‌ನ ಹೈಲೈಟ್ ಸೆಲ್ಸ್ ರೂಲ್ಸ್‌ನಲ್ಲಿ ಡುಪ್ಲಿಕೇಟ್ ವ್ಯಾಲ್ಯೂಸ್ ಆರಿಸಿ. ಮರುಕಳಿಸಿದ ಸಾಲುಗಳಿಗೆ ಬಣ್ಣ ಬರುತ್ತದೆ.

ಆದರೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಒಬ್ಬರು 'ಹುತ್ತರಿ', ಇನ್ನೊಬ್ಬರು 'ಪುತ್ತರಿ' ಅಂತ ಬರೆದಿದ್ದರೆ ಸಿಕ್ಕೋದಿಲ್ಲ. ಹಳೇ 'ನುಡಿ' ಕನ್ನಡ ಫಾಂಟಿನಲ್ಲಿ ಟೈಪಾದ ಭಾಗವಿದ್ದರೆ ಮೊದಲೇ ಯೂನಿಕೋಡ್‌ಗೆ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತಕ್ಕೆ) ಬದಲಿಸಿ. ಇಲ್ಲದಿದ್ದರೆ ನಮ್ಮ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಕೊನೆಗೆ ಸಾಲುಗಳನ್ನು ಸಾರ್ಟ್ ಮಾಡಿ. ಒಂದೇ ಥರ ಶುರುವಾಗುವ ವಾಕ್ಯಗಳು ಅಕ್ಕಪಕ್ಕ ಬರುತ್ತವೆ.

ರಿಮೂವ್ ಡುಪ್ಲಿಕೇಟ್ಸ್ ಮಾತ್ರ ಒತ್ತಬೇಡಿ. ಯಾವ ಹಿರಿಯರ ಮಾತು ಎಲ್ಲಿ ಉಳಿಯಬೇಕು ಅನ್ನೋದನ್ನು ಮನೆಯವರೇ ಕೂತು ಓದಿ ತೀರ್ಮಾನಿಸಬೇಕು, ಅಲ್ವಾ? ಆಮೇಲೆ ಮೂಲ ಫೈಲಿನಲ್ಲಿ ಕಂಟ್ರೋಲ್ ಎಫ್ ಒತ್ತಿ, ಬೇಡದ್ದನ್ನು ಒಂದೊಂದಾಗಿ ತೆಗೆಯಿರಿ.